ರಸೀದಿಯವರ ಪೆಟ್ಟಿಗೆ ಮೊದಲು ಬಂತು

ಮೊದಲೇ ಹೇಳಿಬಿಡುತ್ತೇನೆ. ಲಗೇಜ್ ಸರ್ವಿಸಿನವರದು ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಅವರು ಪೆಟ್ಟಿಗೆಯನ್ನು ಹೇಳಿದ ದಿನ, ಹೇಳಿದ ಹೊತ್ತಿಗೆ, ಹೇಳಿದ ಬಾಗಿಲಿಗೆ ತಂದು ಮುಟ್ಟಿಸಿದರು. ಅಂಗಿಯ ಗುಂಡಿಯೊಂದು ಸಹ ಕಳೆದಿರಲಿಲ್ಲ. ತಪ್ಪೆಲ್ಲ ನಮ್ಮ ಕಟ್ಟಡದವರದು, ಅದರಲ್ಲೂ ಸಹಿ ಹಾಕಿದ ನನ್ನದು.

ನಮ್ಮದು ನಾಲ್ಕು ಮಹಡಿಯ ಹಳೆಯ ಕಟ್ಟಡ. ಕೆಳಗೆ ನನ್ನ ಗಡಿಯಾರ ರಿಪೇರಿ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಮೂರನೆಯ ಮಹಡಿಯಲ್ಲಿ ರಸೀದಿಯವರು ಮತ್ತು ಅವರ ಅಕ್ಕ. ರಸೀದಿಯವರು ರೈಲು ನಿಲ್ದಾಣದ ಕಳೆದ ಸಾಮಾನುಗಳ ಕಚೇರಿಯಲ್ಲಿ ಮೂವತ್ತಮೂರು ವರ್ಷ ಗುಮಾಸ್ತರಾಗಿದ್ದವರು. ಅಲ್ಲಿಯ ಅಭ್ಯಾಸ ಮನೆಗೂ ಅಂಟಿಕೊಂಡಿತ್ತು. ನನ್ನ ಹೆಂಡತಿ ಅವರಿಂದ ಏಣಿ ತಂದರೆ ಒಂದು ರಸೀದಿ, ವಾಪಸು ಕೊಟ್ಟರೆ ಇನ್ನೊಂದು. ಹೀಗಾಗಿ ಹುಟ್ಟಿದಾಗ ಇಟ್ಟ ಹೆಸರು ಮೂಲೆಗೆ ಬಿದ್ದು, ರಸೀದಿಯವರು ಎಂಬುದೇ ಉಳಿಯಿತು.

ಕಟ್ಟಡದಲ್ಲಿ ನಾಲ್ಕು ಜನ ಸೇರಿದಾಗಲೆಲ್ಲ ಅವರು ತಮ್ಮ ಕಚೇರಿಯ ಅನುಭವದ ಸಾರ ಹೇಳುತ್ತಿದ್ದರು.

"ಕೊಡೆ ಬಂದ್ರೆ ಕಾಯಿ, ಮಾಲೀಕ ಬರ್ತಾನೆ. ಚೀಲ ಬಂದ್ರೂ ಕಾಯಿ. ಆದ್ರೆ ಕನ್ನಡಕ, ಹಲ್ಲಿನ ಸೆಟ್ಟು, ಚಪ್ಪಲಿ, ಈ ಮೂರೂ ಒಬ್ಬನದೇ ಬಂತು ಅಂದ್ರೆ ಕಾಯಬಾರದು. ಮನೆಯವರಿಗೆ ಕಾಗದ ಬರೀಬೇಕು. ಆ ಮೂರನ್ನೂ ಬಿಟ್ಟು ಹೊರಟವನು ಹೋಗೋದು ಒಂದೇ ಕಡೆ."

ಈ ಮಾತು ನಮಗೆಲ್ಲ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು. ಮುಂದೆ ಅದೇ ಅವರ ಕುತ್ತಿಗೆಗೆ ಬಂತು.

ನಿವೃತ್ತಿಯ ದಿನ ಕಚೇರಿಯವರು ಅವರಿಗೆ ಮೂರು ದಿನದ ಹಡಗು ಪ್ರವಾಸದ ಟಿಕೆಟ್ಟು ಕೊಟ್ಟರು. ಒಂದೇ ಟಿಕೆಟ್ಟು. ರಸೀದಿಯವರು ಅದಕ್ಕೆ ರಸೀದಿ ಬರೆದು ಕೊಟ್ಟರು, ಆದರೆ ಹೋಗುವುದಿಲ್ಲ ಎಂದು ಹಟ ಹಿಡಿದರು. ಅಕ್ಕನನ್ನು ಬಿಟ್ಟು ಹೋಗುವುದು ಹೇಗೆ? ತಾಯಿ ಸತ್ತಾಗ ಆರು ವರ್ಷದವರಾಗಿದ್ದ ಅವರನ್ನು ಸಾಕಿದ್ದು ಆ ಅಕ್ಕ. ಈಗ ಆಕೆಯ ಕಾಲು ಬಾತುಕೊಂಡು, ಹೃದಯ ಸೋತು, ಎರಡು ವರ್ಷದಿಂದ ಮೆಟ್ಟಿಲು ಇಳಿದಿರಲಿಲ್ಲ. ಇನ್ನು ಎರಡು ತಿಂಗಳು ಹೆಚ್ಚು ಎಂದು ಡಾಕ್ಟರು ಬಾಗಿಲ ಆಚೆ ನಿಂತು ಹೇಳಿದ್ದರು. ಬಾಗಿಲು ತೆಳ್ಳಗಿತ್ತು, ಅಕ್ಕನ ಕಿವಿ ಚುರುಕಾಗಿತ್ತು.

ಅಕ್ಕನೇ ಅವರನ್ನು ಹೊರಡಿಸಿದ್ದು. ಅವರಿಬ್ಬರ ನಡುವೆ ಆಗಿದ್ದ ಮಾತು ನಮಗೆ ಗೊತ್ತಾದದ್ದು ಆಮೇಲೆ, ನಿಮಗೆ ಮೊದಲೇ ಹೇಳುತ್ತಿದ್ದೇನೆ. ನಮಗೂ ಮೊದಲೇ ಗೊತ್ತಿದ್ದರೆ ಈ ಕಥೆ ಇರುತ್ತಿರಲಿಲ್ಲ.

"ನಾನು ಸಮುದ್ರ ನೋಡಲಿಲ್ಲ ಕಣೋ," ಎಂದಿದ್ದರಂತೆ ಅಕ್ಕ. "ಇನ್ನು ನೋಡೋದೂ ಇಲ್ಲ. ನೀನು ಹೋಗಿ ಬಾ. ಬರುವಾಗ ಒಂದು ಬಾಟಲಿ ನೀರು ತಗೊಂಡು ಬಾ. ತಟ್ಟೆಗೆ ಹಾಕಿ ಕಾಲು ಇಟ್ಕೋತೀನಿ. ಯಾರಿಗೂ ಹೇಳಬೇಡ, ಮುದುಕಿಗೆ ಅರಳು ಮರಳು ಅಂದಾರು."

ಹಾಗೆ ರಸೀದಿಯವರು ಹೊರಟರು. ಅಕ್ಕನನ್ನು ನೋಡಿಕೊಳ್ಳುವುದಾಗಿ ನನ್ನ ಹೆಂಡತಿ ಒಪ್ಪಿಕೊಂಡಳು, ಅದಕ್ಕೂ ರಸೀದಿ ಬಂತು. ಹೊರಡುವ ಮುಂಚೆ ರಸೀದಿಯವರು ನನ್ನ ಅಂಗಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಮುಖದಲ್ಲಿ ಸಣ್ಣ ಜಂಬವಿತ್ತು.

"ವಾಚಿನವರೇ, ಹೋಗುವಾಗ ಪೆಟ್ಟಿಗೆ ಹೊತ್ಕೊಂಡು ಹೋಗ್ತೀನಿ. ಬರುವಾಗ ಕೈ ಬೀಸ್ಕೊಂಡು ಬರ್ತೀನಿ. ಹಡಗಿನಿಂದ ನೇರ ಮನೆಗೆ ಪೆಟ್ಟಿಗೆ ಮುಟ್ಟಿಸೋ ಸರ್ವಿಸ್ ಇದೆಯಂತೆ."

"ಯಾಕೆ ಸಾರ್, ಒಂದು ಪೆಟ್ಟಿಗೆ ತಾನೇ? ಕೈಯಲ್ಲೇ ತರಬಹುದಲ್ಲ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಮೂವತ್ತಮೂರು ವರ್ಷ ನೋಡಿದೀನಿ. ಕಳೆದುಹೋಗೋದು ಕೈಯಲ್ಲಿ ಹಿಡಿದದ್ದೇ. ರಸೀದಿ ಕೊಟ್ಟು ತಗೊಂಡದ್ದು ಯಾವತ್ತೂ ಕಳೆದಿಲ್ಲ. ನನಗೆ ನನ್ನ ಕೈ ಮೇಲೆ ನಂಬಿಕೆ ಇಲ್ಲ."

ನಾಲ್ಕನೆಯ ದಿನ ಮಧ್ಯಾಹ್ನ ಸಮವಸ್ತ್ರದ ಒಬ್ಬ ಮನುಷ್ಯ ಅವರ ಪೆಟ್ಟಿಗೆಯನ್ನು ತಂದು ನನ್ನ ಅಂಗಡಿಯ ಮುಂದೆ ಇಳಿಸಿದ. ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಹೆಂಗಸರ ವಾಚಿನ ಹೊಟ್ಟೆ ಬಿಚ್ಚಿ ಕೂತಿದ್ದೆ. ಅವನು ಕಾಗದ ಚಾಚಿದ, ನಾನು ಭೂತಗನ್ನಡಿಯನ್ನೂ ತೆಗೆಯದೆ ಅವನು ಬೆರಳಿಟ್ಟ ಕಡೆ ಗೀಚಿದೆ. ಅದು 'ಮಾಲೀಕರ ಸಹಿ' ಎಂಬ ಜಾಗ. ಓದಿದ್ದರೆ ತಿಳಿಯುತ್ತಿತ್ತು.

"ಇವರು ಯಾವಾಗ ಬರ್ತಾರಂತೆ?" ಎಂದು ಕೇಳಿದೆ.

ಅವನು ಕಾಗದ ನೋಡಿದ. "ಸಾಮಾನಿನ ಜೊತೆ ಪ್ರಯಾಣಿಕರು, ಇಲ್ಲ ಅಂತಿದೆ ಸಾರ್. ಸಾಮಾನು ಮಾತ್ರ." ಹೇಳಿ ಹೋದ.

ಸಂಜೆಯ ರೈಲು ಬಂತು, ರಸೀದಿಯವರು ಬರಲಿಲ್ಲ. ಅಷ್ಟರಲ್ಲಿ ಪೆಟ್ಟಿಗೆಯ ಕೆಳಗಿನಿಂದ ನೀರು ಒಸರಿ ಅಂಗಡಿಯ ಹೊಸ್ತಿಲು ದಾಟಿತ್ತು.

"ಒಳಗೆ ಏನೋ ಕೊಳೀತಾ ಇದೆ, ತೆಗೀರಿ," ಎಂದಳು ನನ್ನ ಹೆಂಡತಿ.

ಬೇರೆಯವರ ಪೆಟ್ಟಿಗೆ ತೆಗೆಯುವುದಕ್ಕೆ ಸಾಕ್ಷಿ ಬೇಕು ಎಂದು ಕಟ್ಟಡದ ಸಂಘದ ಕಾರ್ಯದರ್ಶಿಯನ್ನು ಕರೆಸಿದೆ. ಇವರು ಎರಡನೆಯ ಮಹಡಿಯವರು. ಯಾವ ವಿಷಯಕ್ಕಾದರೂ ನಿರ್ಣಯ ಬರೆಯದೆ ಅವರಿಗೆ ಊಟ ಸೇರದು. ನೀರಿನ ತೊಟ್ಟಿ ತುಂಬಿದರೆ ಹರ್ಷದ ನಿರ್ಣಯ, ಖಾಲಿಯಾದರೆ ವಿಷಾದದ ನಿರ್ಣಯ.

ಪೆಟ್ಟಿಗೆ ತೆಗೆದೆವು. ಬಟ್ಟೆಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ಕಾರ್ಯದರ್ಶಿ ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು.

"ಉಪ್ಪು," ಎಂದರು. "ಸಮುದ್ರದ ನೀರು."

ಆಮೇಲೆ ಒಂದೊಂದೇ ಹೊರಗೆ ಬಂತು. ಶೂ ಒಂದು ಜೊತೆ. ಕನ್ನಡಕ. ಅಂಚಿನಲ್ಲಿ ನೀರು ನಿಂತು ಸತ್ತುಹೋದ ಮೊಬೈಲು. ಗುರುತಿನ ಚೀಟಿ ಇದ್ದ ಪ್ಯಾಂಟು. ಸಣ್ಣ ಡಬ್ಬಿಯಲ್ಲಿ ಹಲ್ಲಿನ ಸೆಟ್ಟು. ಮುಚ್ಚಳ ಸಡಿಲವಾಗಿದ್ದ ಒಂದು ಖಾಲಿ ಬಾಟಲಿಯೂ ಬಂತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನನ್ನ ಹೆಂಡತಿ ಕಸದ ಬುಟ್ಟಿಗೆ ಹಾಕಿದಳು. ಕೊನೆಗೆ ಅವರ ಕೈಗಡಿಯಾರ ಬಂತು.

ಎಲ್ಲರ ತುಟಿಯೂ ಒಳಗೊಳಗೇ ಅದೇ ಮಗ್ಗಿ ಹೇಳುತ್ತಿತ್ತು. ಕನ್ನಡಕ, ಹಲ್ಲಿನ ಸೆಟ್ಟು, ಚಪ್ಪಲಿ.

"ಇದು ಶೂ ಅಲ್ವಾ?" ಎಂದು ನನ್ನ ಹೆಂಡತಿ ಒಂದು ಎಳೆಯಷ್ಟು ಆಸೆಯಿಂದ ಕೇಳಿದಳು.

"ಕಾಲಿಗೆ ಹಾಕೋದು ತಾನೇ," ಎಂದರು ಕಾರ್ಯದರ್ಶಿ.

ನಾನು ವಾಚನ್ನು ಬೆಳಕಿಗೆ ಹಿಡಿದೆ. ಇಪ್ಪತ್ತೆರಡು ವರ್ಷದಲ್ಲಿ ಅದು ಆ ಕೈ ಬಿಟ್ಟು ಇಳಿದದ್ದು ನನ್ನ ಮೇಜಿನ ಮೇಲೆ ಮಾತ್ರ. ಹಿಂಬದಿ ಬಿಚ್ಚಿ ನೋಡಿದೆ. ಉಪ್ಪುನೀರು ನುಗ್ಗಿ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಿಂತಿತ್ತು. ನನ್ನ ವೃತ್ತಿಯಲ್ಲಿ ಇಂಥ ಸಂದರ್ಭ ಜೀವಮಾನಕ್ಕೊಮ್ಮೆ ಬರುತ್ತದೆ. ಗಂಟಲು ಸರಿಮಾಡಿಕೊಂಡು, "ಬೆಳಗಿನ ನಾಲ್ಕು ಹತ್ತಕ್ಕೆ," ಎಂದೆ. ಎಂಥ ಮೂರ್ಖ ನಾನು. ಆ ಕ್ಷಣದಲ್ಲಿ ದುಃಖದ ಜೊತೆಗೆ ಒಂದಿಷ್ಟು ಹೆಮ್ಮೆಯೂ ಆಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಆದರೂ ವಿಚಾರಿಸದೆ ನಿರ್ಧಾರಕ್ಕೆ ಬರುವವರು ನಾವಲ್ಲ. ಸರ್ವಿಸಿನವರ ನಂಬರಿಗೆ ಫೋನು ಮಾಡಿದೆ. ಒಬ್ಬಳು ಹುಡುಗಿ ಬಹಳ ಮೃದುವಾಗಿ ಮಾತಾಡಿದಳು.

"ಸಾಮಾನು ತಲುಪಿತಾ ಸಾರ್?"

"ತಲುಪಿತಮ್ಮಾ. ಆದ್ರೆ ಮಾಲೀಕರು ತಲುಪಿಲ್ಲ."

"ಮಾಲೀಕರು ನಮ್ಮ ಸೇವೆಯಲ್ಲಿ ಬರಲ್ಲ ಸಾರ್. ಸೇವೆಗೆ ಒಂದರಿಂದ ಐದರೊಳಗೆ ಒಂದು ಅಂಕಿ ಕೊಡ್ತೀರಾ?"

ಅಂಥ ಹೊತ್ತಿನಲ್ಲಿ ಹುಡುಗಿಯ ಮನಸ್ಸು ನೋಯಿಸುವುದೇಕೆ ಎಂದು ಐದು ಕೊಟ್ಟೆ.

ಬಂದರಿಗೆ ಕಾರ್ಯದರ್ಶಿಯೇ ಫೋನು ಮಾಡಿದರು. ಹಡಗು ಬೆಳಿಗ್ಗೆಯೇ ಬಂದಿತ್ತು. ಹಡಗಿನಲ್ಲಿ ಈಗ ಯಾರೂ ಉಳಿದಿಲ್ಲ ಎಂದರು ಅಲ್ಲಿಯವರು. ಹಾಗಾದರೆ ಬಂದರಿನಿಂದ ಆಚೆ ಹೋದವರ ಪಟ್ಟಿಯಲ್ಲಿ ನಮ್ಮವರ ಹೆಸರಿದೆಯೇ? ಇಲ್ಲ ಎಂದರು.

ಕಾರ್ಯದರ್ಶಿ ಫೋನು ಕೆಳಗಿಟ್ಟು ಎರಡು ಬೆರಳು ತೋರಿಸಿದರು. "ಹಡಗಲ್ಲಿ ಇಲ್ಲ. ದಡದಲ್ಲಿ ಇಲ್ಲ. ಮಧ್ಯೆ ಇರೋದೇನು?"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಆ ರಾತ್ರಿ ಕಟ್ಟಡದಲ್ಲಿ ಯಾರ ಮನೆಯಲ್ಲೂ ಟೀವಿ ಹಾಕಲಿಲ್ಲ. ಅಕ್ಕನಿಗೆ ಹೇಳುವುದು ಬೇಡ, ಹೇಳಿದರೆ ಎರಡು ತಿಂಗಳು ಎಂದದ್ದು ಎರಡು ಗಳಿಗೆಯಾದೀತು ಎಂದು ತೀರ್ಮಾನಿಸಿದೆವು. ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಆ ಬಟ್ಟೆಗಳನ್ನೆಲ್ಲ ಬಕೆಟ್ಟಿಗೆ ತುಂಬಿದಳು. ಉಪ್ಪು ಬಟ್ಟೆಯನ್ನು ತಿಂದುಹಾಕುತ್ತದೆ ಎಂದು ಮೂರು ನೀರಿನಲ್ಲಿ ಜಾಲಿಸಿ ಹಿಂಡಿ ಹಿತ್ತಲಲ್ಲಿ ಹರವಿದಳು. ಅವಳ ಕೈಲಾದದ್ದು ಅದೊಂದೇ ಸೇವೆ, ಅದನ್ನು ಮನಸಾರೆ ಮಾಡಿದಳು.

ಬೆಳಿಗ್ಗೆ ಕಾರ್ಯದರ್ಶಿ ಸಂತಾಪ ನಿರ್ಣಯ ಬರೆದು ತಂದರು. ಅದನ್ನು ಮೆಟ್ಟಿಲ ಬುಡದಲ್ಲಿ ನಿಂತು ನನಗೊಬ್ಬನಿಗೇ ಓದಿ ತೋರಿಸಿದರು. ಆದರೆ ಅವರಿಗೆ ಮೆಲ್ಲಗೆ ಓದುವುದು ತಿಳಿಯದು. 'ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಜಲಸಮಾಧಿ ಹೊಂದಿದ' ಎಂಬಲ್ಲಿಗೆ ಬಂದಾಗ ಮೂರನೆಯ ಮಹಡಿಯಲ್ಲಿ ಊರುಗೋಲು ನೆಲಕ್ಕೆ ಮೂರು ಸಲ ಬಡಿಯಿತು.

ಹೋದೆವು. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬಾತ ಕಾಲನ್ನು ಮಣೆಯ ಮೇಲಿಟ್ಟು ಕೂತಿದ್ದರು. ಕಾರ್ಯದರ್ಶಿ ನಿರ್ಣಯವನ್ನು ಹಿಂದಕ್ಕೆ ಮುಚ್ಚಿಕೊಂಡರು. ಹೇಳುವ ಕೆಲಸ ನನ್ನ ತಲೆಗೆ ಬಂತು, ಹೇಗೋ ಹೇಳಿ ಮುಗಿಸಿದೆ.

ಅಕ್ಕ ಅಳಲಿಲ್ಲ. "ಪೆಟ್ಟಿಗೇಲಿ ಏನೇನಿತ್ತು?" ಎಂದು ಕೇಳಿದರು.

ಹೇಳಿದೆ. ಹಲ್ಲಿನ ಸೆಟ್ಟಿನವರೆಗೂ ಹೇಳಿದೆ.

"ಅವನು ಸತ್ತಿಲ್ಲ," ಎಂದರು ಅಕ್ಕ. "ಅವನಿಗೆ ಪೆಟ್ಟಿಗೆ ಕಟ್ಟೋಕೆ ಬರಲ್ಲ, ಅಷ್ಟೆ. ಎಲ್ಲಾ ಸಾಮಾನು ರಾತ್ರೀನೇ ಕೋಣೆ ಬಾಗಿಲ ಹೊರಗೆ ಇಡಿ ಅಂತ ಹಡಗಿನವರು ಬರೆದು ಕೊಟ್ಟಿರ್ತಾರೆ. ಎಲ್ಲಾ ಅಂದ್ರೆ ಅವನು ಎಲ್ಲಾನೂ ಇಡ್ತಾನೆ. ಶಾಲೆಗೆ ಹೋಗುವಾಗಲೂ ಹೀಗೇ."

ನಾವು ಮುಖ ಮುಖ ನೋಡಿಕೊಂಡೆವು. ಪಾಪ, ಮನಸ್ಸು ಒಪ್ಪುತ್ತಿಲ್ಲ ಎಂದು ಕಾರ್ಯದರ್ಶಿ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು.

"ಒಂದು ಬಾಟಲಿ ಇತ್ತಲ್ಲ," ಎಂದರು ಅಕ್ಕ.

"ಖಾಲಿ ಇತ್ತು ಅಕ್ಕಾ. ನೀರೆಲ್ಲ ಬಟ್ಟೆಗೆ ಇಳಿದಿತ್ತು," ಎಂದಳು ನನ್ನ ಹೆಂಡತಿ. ಹಾಗೆ ಹೇಳುವಾಗಲೂ ಅವಳಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

"ಬಟ್ಟೆ ಎಲ್ಲಿ?"

"ಒಗೆದು ಹಾಕಿದೀನಿ ಅಕ್ಕಾ. ಮೂರು ನೀರಲ್ಲಿ."

ಆಗ ಅಕ್ಕನ ಮುಖ ಕುಸಿಯಿತು. ಕಿಟಕಿಯ ಕಡೆ ತಿರುಗಿಕೊಂಡು, ಸದ್ದಿಲ್ಲದೆ, ಬಹಳ ಹೊತ್ತು ಅತ್ತರು. ಅಂತೂ ದುಃಖ ಹೊರಗೆ ಬಂತು, ಒಳ್ಳೆಯದೇ ಆಯಿತು ಎಂದು ಕಾರ್ಯದರ್ಶಿ ತಲೆಯಾಡಿಸಿದರು. ತಮ್ಮ ಸತ್ತ ಎಂದಾಗ ಅಳದ ಹೆಂಗಸು ಬಟ್ಟೆ ಒಗೆದೆ ಎಂದಾಗ ಯಾಕೆ ಅತ್ತಳು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಕೊನೆಗೆ ಅಕ್ಕನೇ ಬಾಯಿಬಿಟ್ಟು ಬಾಟಲಿಯ ವಿಷಯ ಹೇಳಿದರು. ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು. ನಾನು ಮೆಟ್ಟಿಲನ್ನು ಎರಡೆರಡು ಹಾರಿ ಇಳಿದು ಪೆಟ್ಟಿಗೆಯನ್ನು ತಡಕಿದೆ. ಬಾಟಲಿಗೆ ಸುತ್ತಿದ್ದ ಒಂದು ಅಂಗಿ ಮೂಲೆಯಲ್ಲಿ ಮುದ್ದೆಯಾಗಿ ಒಗೆಯದೆ ಉಳಿದಿತ್ತು, ಇನ್ನೂ ಹಸಿಯಾಗಿತ್ತು. ತಂದುಕೊಟ್ಟೆ. ಅಕ್ಕ ಅದನ್ನು ಮುಟ್ಟಿ ಕೂಡ ನೋಡಲಿಲ್ಲ.

"ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಡು," ಎಂದು ನನ್ನ ಹೆಂಡತಿಗೆ ಹೇಳಿದರು. "ಅವನು ಬರಲಿ. ಒಬ್ಬಳೇ ನೋಡೋದಲ್ಲ ಅದು."

ಇಷ್ಟಾದ ಮೇಲೂ ಸಂತಾಪ ಸಭೆಯನ್ನು ನಿಲ್ಲಿಸಬಹುದಿತ್ತು. ನಾನು ಹಾಗೆ ಹೇಳಿಯೂ ನೋಡಿದೆ.

"ನೀರು ಬಾಟಲಿದು ಅಂತಾನೇ ಇಟ್ಕೊಳ್ಳಿ," ಎಂದರು ಕಾರ್ಯದರ್ಶಿ. "ಮನುಷ್ಯ ಎಲ್ಲಿ? ಹನ್ನೊಂದು ಗಂಟೆಗೆ ಅಂತ ಎಲ್ಲರಿಗೂ ಹೇಳಿಯಾಗಿದೆ."

ನಾನೂ ಹೋಗಿ ಕುರ್ಚಿ ಹಾಕಲು ಕೈ ಸೇರಿಸಿದೆ.

ಕೆಳಗಿನ ಹಜಾರದಲ್ಲಿ ಮೂವತ್ತು ಕುರ್ಚಿ. ಎದುರಿಗೆ ಸ್ಟೂಲಿನ ಮೇಲೆ ಅವರ ಫೋಟೋ, ಯಾರೋ ಕಳೆದುಕೊಂಡ ಕೊಡೆಯೊಂದನ್ನು ಹಿಡಿದು ನಗುತ್ತಿರುವುದು. ಅದು ಬಿಟ್ಟರೆ ಅವರ ಬೇರೆ ಫೋಟೋ ಯಾರ ಹತ್ತಿರವೂ ಇರಲಿಲ್ಲ. ಸತ್ತವರ ಬಗ್ಗೆ ಎರಡು ಮಾತಾಡಿ ಎಂದರೆ ಎದ್ದವರೆಲ್ಲ ಅವರು ಕೊಟ್ಟ ರಸೀದಿಯ ಬಗ್ಗೆಯೇ ಮಾತಾಡಿದರು. ಮೂವತ್ತು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದಿದ್ದೆವು, ಅವರ ಬಗ್ಗೆ ನಮಗೆ ಬೇರೇನೂ ಗೊತ್ತಿರಲಿಲ್ಲ. ನಾಚಿಕೆಯಾಗಿ ನಾನು ತಲೆ ತಗ್ಗಿಸಿ ಕೂತೆ.

ಆಗ ಹಿಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಪಟ್ಟೆಪಟ್ಟೆಯ ಮಲಗುವ ಉಡುಪು ತೊಟ್ಟ, ಕಾಲಿಗೆ ಹಡಗಿನವರು ಕೊಡುವ ತೆಳು ಬಟ್ಟೆಯ ಚಪ್ಪಲಿ ಹಾಕಿದ ಒಬ್ಬರು ಬಂದು ಕೂತರು. ಯಾರೂ ತಿರುಗಿ ನೋಡಲಿಲ್ಲ. ಕನ್ನಡಕವಿಲ್ಲದ ಅವರಿಗೂ ಏನೂ ಕಾಣುತ್ತಿರಲಿಲ್ಲ. ಕಂಡದ್ದು ಇಷ್ಟೇ: ತಮ್ಮ ಕಟ್ಟಡ, ಸಾಲು ಕುರ್ಚಿ, ತಗ್ಗಿಸಿದ ತಲೆಗಳು, ಸ್ಟೂಲಿನ ಮೇಲೆ ಮಸುಕಾದ ಒಂದು ಫೋಟೋ.

"ಯಾವಾಗ ಹೋಗಿದ್ದು?" ಎಂದು ಬೊಚ್ಚುಬಾಯಿಯಲ್ಲಿ ಕೇಳಿದರು.

ಕಾರ್ಯದರ್ಶಿ ಕಾಗದದಿಂದ ತಲೆ ಎತ್ತದೆ ಉತ್ತರ ಕೊಟ್ಟರು. "ನಿನ್ನೆ. ಬೆಳಗಿನ ನಾಲ್ಕು ಹತ್ತಕ್ಕೆ."

"ಒಂದು ದಿನ ತಡ ಆಗೋಯ್ತಲ್ಲ," ಎಂದು ಆ ಮನುಷ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. "ನನ್ನ ಅಕ್ಕ. ನಾನು ಹೋಗಬಾರದಿತ್ತು."

ಮೊದಲು ತಿರುಗಿದ್ದು ನನ್ನ ಹೆಂಡತಿ. ಅವಳ ಕೈಯಲ್ಲಿದ್ದ ನೀರಿನ ಲೋಟಗಳ ತಟ್ಟೆ ನೆಲಕ್ಕೆ ಬಿತ್ತು. ಆಮೇಲೆ ಮೂವತ್ತು ಕುರ್ಚಿಯೂ ಒಟ್ಟಿಗೆ ಸರಿದವು. ಸತ್ತವರು ತಮ್ಮ ಸಭೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು, ಆ ಸಭೆಯಲ್ಲಿ ನಿಜವಾಗಿ ಅತ್ತವರು ಅವರೊಬ್ಬರೇ.

"ನಿರ್ಣಯ ಪಾಸಾಗಿದೆಯಲ್ಲ," ಎಂದು ಕಾರ್ಯದರ್ಶಿ ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು. ಅವರು ಮೆಲ್ಲಗೆ ಮಾತಾಡಿದ್ದು ನಾನು ಕಂಡಂತೆ ಅದೊಂದೇ ಸಲ.

ಅಕ್ಕ ಮೇಲಿದ್ದಾರೆ, ಬದುಕಿದ್ದಾರೆ, ಸತ್ತದ್ದು ನೀವು ಎಂದು ಅವರಿಗೆ ಅರ್ಥ ಮಾಡಿಸುವುದಕ್ಕೆ ಹತ್ತು ನಿಮಿಷ ಬೇಕಾಯಿತು. ಹಲ್ಲು ಹಾಕಿಕೊಂಡ ಮೇಲೆ ಅವರ ಕಥೆ ತಿಳಿಯಿತು. ಅಕ್ಕ ಹೇಳಿದ ಹಾಗೆಯೇ ರಾತ್ರಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಬಾಗಿಲ ಹೊರಗಿಟ್ಟು ಮಲಗಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಮೈಮೇಲಿದ್ದದ್ದು ಮಲಗುವ ಉಡುಪು, ಜೇಬಿನಲ್ಲಿದ್ದದ್ದು ಪೆಟ್ಟಿಗೆಯ ರಸೀದಿ, ಅಷ್ಟೆ. ಯಾರ ನಂಬರೂ ಬಾಯಿಗೆ ಬರಲಿಲ್ಲ, ನಂಬರುಗಳೆಲ್ಲ ಪೆಟ್ಟಿಗೆಯಲ್ಲಿದ್ದವು. ನೆನಪಿದ್ದ ತಮ್ಮ ಕಚೇರಿಯ ನಂಬರಿಗೆ ಹಲ್ಲಿಲ್ಲದ ಬಾಯಲ್ಲಿ ಮಾತಾಡಿದರೆ, ಏನು ಕಳೆದಿದೆ ಎಂದು ಹೊಸ ಗುಮಾಸ್ತ ಕೇಳಿದ. ನಾನೇ ಎಂದರು. ಇಲ್ಲಿ ಮನುಷ್ಯರನ್ನು ತೆಗೆದುಕೊಳ್ಳುವುದಿಲ್ಲ ಎಂದು ಅವನು ಫೋನಿಟ್ಟ.

ಬಂದರಿನ ಅಧಿಕಾರಿ ರಸೀದಿಯನ್ನು ಕಂಪ್ಯೂಟರಿನಲ್ಲಿ ನೋಡಿದ. "ಈ ಪೆಟ್ಟಿಗೆಯ ಮಾಲೀಕರು ಊರಲ್ಲಿ ಸಹಿ ಮಾಡಿ ತಗೊಂಡಿದಾರೆ. ಮಾಲೀಕರು ಅವರು. ಹಾಗಾದ್ರೆ ನೀವು ಯಾರು?" ಎಂದು ಕೇಳಿದ.

ಇದನ್ನು ಹೇಳುವಾಗ ರಸೀದಿಯವರು ನನ್ನ ಮುಖ ನೋಡಲಿಲ್ಲ. ನನಗೆ ಭೂಮಿ ಬಾಯ್ಬಿಟ್ಟರೆ ಸಾಕು ಅನ್ನಿಸಿತು. ಒಂದು ಹಗಲು, ಒಂದು ರಾತ್ರಿ ಅವರು ಬಂದರಿನ ಬೆಂಚಿನ ಮೇಲೆ ಕೂತಿದ್ದರು. ಬೆಳಿಗ್ಗೆ ಕಸ ಗುಡಿಸಲು ಬಂದ ಹಡಗಿನ ಹೆಂಗಸು, "ಇವರನ್ನ ನಾನು ಬಲ್ಲೆ. ಬಾಟಲಿಗೆ ಹಗ್ಗ ಕಟ್ಟಿ ಸಮುದ್ರದಿಂದ ನೀರು ಸೇದಿದ ಪುಣ್ಯಾತ್ಮ," ಎಂದು ಜಾಮೀನು ನಿಂತು, ರೈಲಿನ ದುಡ್ಡೂ ಕೊಟ್ಟಳಂತೆ.

ಹಿತ್ತಲಲ್ಲಿ ಒಣಗಿದ ಬಟ್ಟೆಗಳ ಹತ್ತಿರ ರಸೀದಿಯವರು ಹೋದರು. ಒಂದು ಪ್ಯಾಂಟಿನ ಅಂಚನ್ನು ಮೂಸಿ ಬಿಟ್ಟರು. ಸೋಪಿನ ವಾಸನೆ ಇತ್ತು.

ಮೇಲೆ ಅಕ್ಕ ಡಬ್ಬಿ ತರಿಸಿದರು. ಅಂಗಿಯನ್ನು ತಟ್ಟೆಯಲ್ಲಿ ಹರಡಿ, ರಸೀದಿಯವರು ಅಕ್ಕನ ಕಾಲನ್ನು ಒಂದೊಂದಾಗಿ ಎತ್ತಿ ಅದರ ಮೇಲಿಟ್ಟರು. ಕಾಲ ಭಾರಕ್ಕೆ ಬಟ್ಟೆಯಿಂದ ಒಂದಿಷ್ಟು ನೀರು ಜಿನುಗಿ ಬೆರಳುಗಳ ಸುತ್ತ ನಿಂತಿತು. ಅಕ್ಕ ಕಣ್ಣು ಮುಚ್ಚಿಕೊಂಡರು.

"ಇಷ್ಟೇನೇನೋ?" ಎಂದು ಕೇಳಿದರು.

"ಇಲ್ಲ ಅಕ್ಕಾ, ಇನ್ನೂ ಸ್ವಲ್ಪ ದೊಡ್ಡದು," ಎಂದರು ರಸೀದಿಯವರು.

ನಾವೆಲ್ಲ ಬಾಗಿಲಲ್ಲೇ ನಿಂತಿದ್ದೆವು. ನನ್ನ ಹೆಂಡತಿ ನನ್ನ ತೋಳು ಹಿಡಿದು ಕೆಳಗೆ ಕರೆದುಕೊಂಡು ಬಂದಳು.

ಅದಾದ ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಉಪ್ಪುನೀರಿನ ವಾಚನ್ನು ಅಂತೂ ನಡೆಯುವ ಹಾಗೆ ಮಾಡಿ, ಕೊಡಲೆಂದು ಮೇಲೆ ಹೋದೆ. ಮೂರನೆಯ ಮಹಡಿಯ ಬಾಗಿಲ ಹೊರಗೆ ಅದೇ ಪೆಟ್ಟಿಗೆ ಇತ್ತು. ಅದರ ಪಕ್ಕದಲ್ಲಿ ರಸೀದಿಯವರು ನೆಲದ ಮೇಲೆ ಕೂತಿದ್ದರು.

"ರಾತ್ರಿ ಅಕ್ಕ ಹೇಳಿ ಕಟ್ಟಿಸಿದಳು," ಎಂದರು. "ನನ್ನದೂ ಹೊರಗೆ ಇಡೋ, ಬೆಳಿಗ್ಗೆ ಸರ್ವಿಸಿನವರು ಬರ್ತಾರೆ ಅಂದಳು. ತಮಾಷೆ ಮಾಡ್ತಾಳೆ ಅಂದ್ಕೊಂಡೆ. ಇಬ್ಬರೂ ನಕ್ಕೆವು."

ಪೆಟ್ಟಿಗೆ ತೆಗೆದು ತೋರಿಸಿದರು. ಅಕ್ಕನ ಕನ್ನಡಕ. ಡಬ್ಬಿಯಲ್ಲಿ ಹಲ್ಲಿನ ಸೆಟ್ಟು. ಎರಡು ವರ್ಷದಿಂದ ಹಾಕದ ಚಪ್ಪಲಿ, ಒರೆಸಿ ಇಟ್ಟದ್ದು. ಸ್ಟೀಲ್ ಡಬ್ಬಿಯಲ್ಲಿ ಒಗೆಯದ ಅಂಗಿ. ಈ ಸಲ ಯಾರೂ ಮಗ್ಗಿ ಹೇಳಬೇಕಾಗಿರಲಿಲ್ಲ. ಒಳಗೆ ಅಕ್ಕ ಮಲಗಿದ ಹಾಗೇ ಇದ್ದರು.

ರಸೀದಿಯವರು ತಮ್ಮ ರಸೀದಿ ಪುಸ್ತಕ ತೆಗೆದು, ನಿಧಾನವಾಗಿ ಬರೆದು ನನ್ನ ಕಡೆ ಚಾಚಿದರು. "ಸಾಕ್ಷಿ ಅಂತ ಒಂದು ಸಹಿ ಹಾಕಿ ವಾಚಿನವರೇ."

ಪೆನ್ನು ಹಿಡಿದವನು ನಿಂತೆ. ಕೆಳಗೆ ಅಂಗಡಿಗೆ ಇಳಿದು ನನ್ನ ಓದುವ ಕನ್ನಡಕ ಹುಡುಕಿ ಹಾಕಿಕೊಂಡು ಮತ್ತೆ ಮೂರು ಮಹಡಿ ಹತ್ತಿದೆ. ಕನ್ನಡಕ ಒಂದು. ಹಲ್ಲಿನ ಸೆಟ್ಟು ಒಂದು. ಚಪ್ಪಲಿ ಒಂದು ಜೊತೆ. ಅಂಗಿ ಒಂದು, ಒಗೆಯಬಾರದು. ಮಾಲೀಕರು, ಅಕ್ಕ. ಸ್ವೀಕರಿಸಿದವರು, ತಮ್ಮ. ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿ, ಆಮೇಲೆ ಸಹಿ ಹಾಕಿದೆ.